ಮಿಲಿಬಗ್: ಅಪ್ಪನ ಗುಣ ಮಗನಿಂದ ಮುಂದ ಹೋಗಂಗಿಲ್ಲ ಅಂದ್ರ, ಹೆಣ್ಣು ಗಂಡುಹುಳ ಆರಿಸಿ ಏನು ಲಾಭ?

ತಿಕೋಟಾ_ಹುಡುಗಿ:
ಎಲ್ಲರಿಗೂ ನಮಸ್ಕಾರ್ರಿ. ನಾ ವಿಜಯಪುರದಾಗ ಬಿಎಸ್ಸಿ ಓದಾಕತ್ತೀನಿ. ನಮ್ಮದು ದ್ರಾಕ್ಷಿ ಪಡ ಐತಿ. ಅಕ್ಟೋಬರ್ ಚಾಟ್ನಿ ಮುಂದ ಬೊಡ್ಡಿ ಸಿಪ್ಪಿ ಕೆರಿಯುವಾಗ ಒಳಗ ಗುಲಾಬಿ ಮೈಯಿನ ಮಿಲಿಬಗ್ (ರಸ ಹೀರೋ ಹಿಟ್ಟು ತಿಗಣಿ) ಸಿಕ್ಕವು. ಲೆನ್ಸ್ ಹಿಡದು ನೋಡಿದ್ರ ಹೆಣ್ಣಿನ ಹಿಂದ ಬಿಳಿ ಮೊಟ್ಟಿ ಚೀಲ, ಬಾಜೂಕ ಒಂದು ಸಣ್ಣ ಗೂಡು. ಆ ಗೂಡಿನಿಂದ ರೆಕ್ಕಿ ಇರೋ ಹುಳ ಹೊರಗ ಬಂತು, ಬಾಲಕ್ಕ ಎರಡು ಮೇಣದ ಎಳಿ. ಅದು ಗಂಡು ಅಂತ ಕಾಲೇಜಿನ್ಯಾಗ ಹೇಳಿದ್ರು. ಈ ಗಂಡು ತನ್ನ ಅಪ್ಪನ ವರ್ಣತಂತು (ಕ್ರೋಮೋಸೋಮ್) ಮಕ್ಕಳಿಗೆ ಕೊಡಂಗೇ ಇಲ್ಲಂತ. ಹಂಗಾದ್ರ ಹೆಣ್ಣು ಛಲೋ ಗಂಡುಹುಳ ಆರಿಸಿದ್ರ ಏನು ಸಿಗತೈತಿ? ಗಂಡೆಷ್ಟು, ಹೆಣ್ಣೆಷ್ಟು ಅನ್ನೋದು ಯಾರ ಕೈಯಾಗ ಐತಿ?

ಬಬಲೇಶ್ವರ_ಪಡ:
ತಂಗಿ, ಶಾಸ್ತ್ರ ಓದಿದವರು ಹೇಳ್ತಾರ. ನಂದೊಂದು ಮಾತು: ಕೆರದ ಸಿಪ್ಪಿ ಪಡದಾಗ ಬಿಡಬ್ಯಾಡ್ರಿ, ಆರಿಸಿ ಸುಟ್ಟುಬಿಡ್ರಿ. ಬೊಡ್ಡಿಗೆ ಇರುವಿ ಹತ್ತಿದ್ರ ಅದನ್ನೂ ನೋಡ್ರಿ, ಅವು ಮಿಲಿಬಗ್ ಕಾಯ್ತಾವ.

ನಿವೃತ್ತ_ಉಪನ್ಯಾಸಕ_ಬಾಗಲಕೋಟೆ:
ತಂಗಿ, ನಾನು ಕ್ಲಾಸಿನಲ್ಲಿ ಬಹಳ ಪ್ರೀತಿಯಿಂದ ಪಾಠ ಮಾಡಿದ ಹುಳ ಇದು. ನೀನು ಕೇಳಿದ್ದು ಅದರ ತಿರುಳನ್ನೇ.

ಗುಲಾಬಿ ಮಿಲಿಬಗ್‌ಗೆ 10 ವರ್ಣತಂತು. ತಾಯಿಯಿಂದ 5, ತಂದೆಯಿಂದ 5. ನಮ್ಮ ಹಾಗೆ ಎಕ್ಸ್, ವೈ ಇಲ್ಲ. ಗಂಡಾಗುವ ಭ್ರೂಣದಲ್ಲಿ ತಂದೆಯ ಐದೂ ಮೊದಲ ಹಂತದಲ್ಲೇ ಬಿಗಿದುಕೊಂಡು ಮುದ್ದೆಯಾಗುತ್ತವೆ, ಬಹುತೇಕ ಕೆಲಸ ನಿಲ್ಲಿಸುತ್ತವೆ. ಬಣ್ಣ ಹಾಕಿದ ಸ್ಲೈಡ್‌ನಲ್ಲಿ ಗಂಡಿನ ಕೋಶದೊಳಗೆ ಆ ಗಾಢ ಚುಕ್ಕೆ ಕಾಣುತ್ತದೆ, ಹೆಣ್ಣಿನಲ್ಲಿ ಕಾಣುವುದಿಲ್ಲ. ಮುಂದೆ ವೀರ್ಯಾಣು ಆಗುವಾಗ ತಾಯಿಯ ಕಡೆಯವು ಮಾತ್ರ ಉಳಿಯುತ್ತವೆ, ತಂದೆಯವು ಕರಗಿ ಹೋಗುತ್ತವೆ.

1961ರಲ್ಲಿ ಸ್ಪೆನ್ಸರ್ ಬ್ರೌನ್ ಮತ್ತು ನೆಲ್ಸನ್-ರೀಸ್ ಎಂಬ ವಿಜ್ಞಾನಿಗಳು ಇದನ್ನು ನಿಂಬೆ ಜಾತಿಯ ಗಿಡಗಳ ಮಿಲಿಬಗ್‌ನಲ್ಲಿ ವಿಕಿರಣದಿಂದ ತೋರಿಸಿದರು. ಗಂಡುಹುಳಕ್ಕೆ ಜೋರಾಗಿ ವಿಕಿರಣ ಕೊಟ್ಟು ಹೆಣ್ಣಿನ ಜೊತೆ ಬಿಟ್ಟರೆ ಹೆಣ್ಣುಮಕ್ಕಳು ಸತ್ತವು, ಗಂಡುಮಕ್ಕಳು ಬದುಕಿದವು. ಹಾಳಾದ ತಂದೆಯ ವರ್ಣತಂತು ಮಗನಲ್ಲಿ ಸುಮ್ಮನಿದ್ದವಲ್ಲ! ಅದೇ ಬ್ರೌನ್ ಜೊತೆ ನಮ್ಮ ತಳಿವಿಜ್ಞಾನಿ ಎಚ್. ಶರತ್‌ಚಂದ್ರ ಅವರು ಮಿಲಿಬಗ್‌ಗಳ ಮೇಲೆ ಕೆಲಸ ಮಾಡಿದ್ದಾರೆ, ಕನ್ನಡದ ಮಕ್ಕಳಿಗೆ ಇದು ಗೊತ್ತಿರಬೇಕು.

ಈಗ ಆಯ್ಕೆಯ ಮಾತು. ನವಿಲಿನಲ್ಲಿ ಚೆಂದದ ಗಂಡನ್ನು ಆರಿಸಿದರೆ ಮಗನೂ ಚೆಂದ ಆಗುತ್ತಾನೆ, ಅವನಿಗೂ ಜೋಡಿ ಸಿಗುತ್ತದೆ ಎಂಬ ವಾದ ಇದೆಯಲ್ಲ, ಅದು ಇಲ್ಲಿ ನಡೆಯುವುದಿಲ್ಲ. ತಂದೆಯ ರೆಕ್ಕೆಯ ಬಲ ಮಗನಲ್ಲಿ ಕಾಣುವುದೇ ಕಷ್ಟ. ಅದು ಮಗಳಿಗೆ ಹೋಗಿ, ಅವಳಿಂದ ಅವಳ ಮಗನಿಗೆ ಬರಬೇಕು, ಅಲ್ಲಿ ತಾಯಿಯ ಕಡೆಯದಾಗಿ ಎದ್ದು ಕಾಣುತ್ತದೆ. ಆರಿಸಿದ ಹೆಣ್ಣಿಗೆ ಫಲ ಸಿಗುವುದು ಮಗಳ ಮಗನಲ್ಲಿ. ಹಾಗಾಗಿ ಒಳ್ಳೆಯ ತಂದೆಯನ್ನು ಹುಡುಕುವ ಒತ್ತಡ ಇಲ್ಲಿ ಕಡಿಮೆಯೇ ಇರಬೇಕೆಂದು ನನ್ನ ಅಭಿಪ್ರಾಯ.

ಸಂಖ್ಯೆಯ ವಿಷಯದಲ್ಲಿ ತಂದೆತಾಯಿಗೆ ನೇರ ಜಗಳವೇ ಇದೆ. ತಂದೆಗೆ ಗಂಡುಮಕ್ಕಳೆಲ್ಲ ನಷ್ಟ, ಹೆಣ್ಣುಮಕ್ಕಳಷ್ಟೇ ಅವನ ವಂಶ. ತಾಯಿಗೆ ಹಾಗಲ್ಲ, ಮಗನ ಪ್ರತಿ ವೀರ್ಯಾಣುವೂ ಪೂರ್ತಿ ಅವಳದೇ. ಅದೇ ನಿಂಬೆ ಗಿಡದ ಮಿಲಿಬಗ್‌ನಲ್ಲಿ ಹೆಣ್ಣು ಎಷ್ಟು ವಯಸ್ಸಿಗೆ ಕೂಡಿತು, ಎಷ್ಟು ಗುಂಪಿನಲ್ಲಿ ಬೆಳೆಯಿತು ಎಂಬುದರಿಂದ ಗಂಡುಹೆಣ್ಣಿನ ಪ್ರಮಾಣ ಬದಲಾಗುವುದನ್ನು ಕಂಡಿದ್ದಾರೆ. ಕೀಲಿ ಹೆಚ್ಚಾಗಿ ತಾಯಿಯ ಕೈಯಲ್ಲೇ ಇದೆ.

ಮುಧೋಳ_ಕಬ್ಬು:
ಸರ್, ನಾವು ಕಬ್ಬಿನ ಸುಳಿ ಕೊರಕಕ್ಕ ಟ್ರೈಕೋಗ್ರಾಮ ಅನ್ನೋ ಸಣ್ಣ ಕಣಜದ ಟ್ರೈಕೋಕಾರ್ಡ್ ಕಟ್ತೀವಿ. ಆ ಕಣಜಕ್ಕೂ ಇದೇ ಲೆಕ್ಕ ಏನ್ರಿ?

ನಿವೃತ್ತ_ಉಪನ್ಯಾಸಕ_ಬಾಗಲಕೋಟೆ:
ಇಲ್ಲ ತಮ್ಮಾ, ಅದು ಬೇರೆ. ಟ್ರೈಕೋಗ್ರಾಮದಲ್ಲಿ ಫಲಿತವಾಗದ ಮೊಟ್ಟೆ ಗಂಡು, ಅದಕ್ಕೆ ಅಪ್ಪನೇ ಇಲ್ಲ. ತಾಯಿ ಮೊಟ್ಟೆ ಇಡುವಾಗಲೇ ವೀರ್ಯ ಸೇರಿಸಿ ಮಗಳನ್ನು ಮಾಡಬಹುದು, ತಡೆದು ಮಗನನ್ನು ಮಾಡಬಹುದು. ಒಡಹುಟ್ಟಿದವರೇ ಕೂಡುವ ಕಡೆ ಗಂಡು ಕಡಿಮೆ ಸಾಕು ಎಂದು ಜೀವವಿಜ್ಞಾನಿ ಹ್ಯಾಮಿಲ್ಟನ್ 1967ರಲ್ಲೇ ತೋರಿಸಿದರು.

ತಿಕೋಟಾ_ಹುಡುಗಿ:
ಭಾಳ ಉಪಕಾರ ಆತ್ರಿ ಸರ್. ಮತ್ತ ಹೆಣ್ಣಿನ ವಾಸನಿ ಇಟ್ಟ ಮೋಹಕ ಬಲಿ (ಬಲೆ) ಹಾಕಿ ಗಂಡು ಹಿಡದ್ರ ಪಡದಾಗ ಹುಳ ಕಡಿಮಿ ಆಗತೈತೇನ್ರಿ?

ನಿವೃತ್ತ_ಉಪನ್ಯಾಸಕ_ಬಾಗಲಕೋಟೆ:
ಅದನ್ನೇ ನಂಬಬೇಡ. ಗಂಡಿಗೆ ಬಾಯಿ ಇಲ್ಲ, ಕೆಲವೇ ದಿನ ಬದುಕುತ್ತದೆ, ಆದರೆ ಅಷ್ಟರಲ್ಲಿ ಹಲವು ಹೆಣ್ಣುಗಳನ್ನು ಕೂಡುತ್ತದೆ. ಬಲೆಯಿಂದ ಹುಳ ಯಾವಾಗ ಹೆಚ್ಚಾಯಿತು ಎಂದು ತಿಳಿಯುತ್ತದೆ, ಅಷ್ಟಕ್ಕೆ ಬಳಸು. ಬೊಡ್ಡೆ ಕೆರೆಯುವುದು, ಮಿಲಿಬಗ್ ತಿನ್ನುವ ಕ್ರಿಪ್ಟೊಲೀಮಸ್ ಗುಲಗಂಜಿ ಹುಳ ಬಿಡುವುದು ಅಪ್ಪನಿಗೆ ಹೇಳು. ಆ ಹುಳ ಬಿಟ್ಟ ಮೇಲೆ ಕಂಡಕಂಡ ಔಷಧ ಹೊಡೆಯಬಾರದು.