ವಿಂಡೋಸ್ 7 ಉಳಿಸಿಕೊಂಡೇ ಪಕ್ಕದಲ್ಲಿ 10 ಹಾಕೋದು ಹೇಗೆ? ತಿಳಿದವರು ಹೇಳಿ

ಪ್ರಶ್ನೆ, ತುಮಕೂರಿನಿಂದ:
ಡಿಟಿಪಿ ಅಂಗಡಿಯ ಡೆಸ್ಕ್‌ಟಾಪ್. 4ನೇ ಜನರೇಷನ್ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್, 32 ಬಿಟ್ ವಿಂಡೋಸ್ 7. ಮದುವೆ ಕಾರ್ಡು, ಕರಪತ್ರದ ಫೈಲುಗಳೆಲ್ಲ ಪೇಜ್‌ಮೇಕರ್ ಮತ್ತು ಹಳೇ ನುಡಿ ತಂತ್ರಾಂಶದಲ್ಲಿವೆ, ಹಾಗಾಗಿ 7 ಬಿಡೋ ಹಾಗಿಲ್ಲ. ಆದರೆ ಕ್ರೋಮ್ 109ಕ್ಕೇ ನಿಂತುಬಿಟ್ಟಿದೆ, ಆನ್‌ಲೈನ್ ಅರ್ಜಿ ಹಾಕೋಕೆ ಹೊಸ ಬ್ರೌಸರ್ ಬೇಕು. ಡಿಸ್ಕ್‌ನಲ್ಲಿ 100 ಎಂಬಿಯ ಒಂದು ತುಂಡು (ಪಾರ್ಟಿಷನ್), ಆಮೇಲೆ ಸಿ, ಡಿ, ಇ ಇವೆ. ಎಲ್ಲಿಂದ ಶುರು ಮಾಡಬೇಕು? ನೇರವಾಗಿ 11 ಹಾಕಬಹುದಾ?

ಗುಬ್ಬಿಯಿಂದ:
11ರ ಆಸೆ ಬಿಡಿ ಸರ್. ಅದಕ್ಕೆ ಟಿಪಿಎಂ 2.0 (ಭದ್ರತೆಯ ಚಿಪ್) ಬೇಕು, ಇಂಟೆಲ್ ಆದರೆ 8ನೇ ಜನರೇಷನ್‌ನಿಂದ ಈಚಿನದೇ ಬೇಕು. ಅಡ್ಡದಾರಿಗಳಿವೆ, ದುಡಿಯೋ ಯಂತ್ರಕ್ಕೆ ಅವು ಬೇಡ. 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಅಪ್‌ಡೇಟ್ ನಿಂತಿದೆ ಅನ್ನೋದು ಗಮನದಲ್ಲಿರಲಿ. ಹೊಸ ಯಂತ್ರ ಬರೋವರೆಗಿನ ವ್ಯವಸ್ಥೆ ಅಂದುಕೊಳ್ಳಿ.

ಹಳೆಯದು ಮೊದಲು, ಹೊಸದು ಆಮೇಲೆ. ಈ ಕ್ರಮ ನಿಮ್ಮಲ್ಲಿ ಸರಿಯಾಗೇ ಇದೆ. 10ರ ಬೂಟ್ ಮ್ಯಾನೇಜರ್ 7ನ್ನು ಎಬ್ಬಿಸಬಲ್ಲದು, 7ರದಕ್ಕೆ 10ರ ಪರಿಚಯವೇ ಇಲ್ಲ.

ಎಲ್ಲಕ್ಕಿಂತ ಮೊದಲು ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದು ಬಣ್ಣ ನೋಡಿ. ನಾಲ್ಕೂ ತುಂಡಿನ ತಲೆ ಮೇಲೆ ಕಡುನೀಲಿ ಪಟ್ಟಿ ಇದ್ದರೆ ನಾಲ್ಕೂ ಪ್ರೈಮರಿ. ಎಂಬಿಆರ್ (ಹಳೇ ರೀತಿಯ ಪಾರ್ಟಿಷನ್ ಪಟ್ಟಿ) ಡಿಸ್ಕ್‌ಗೆ ಅಷ್ಟೇ ಮಿತಿ. ಆಗ 'ಇ'ಯನ್ನು ಶ್ರಿಂಕ್ ಮಾಡಿ ಐದನೆಯದು ಮಾಡೋಕೆ ಹೋದರೆ, ಡಿಸ್ಕನ್ನು ಡೈನಾಮಿಕ್ ಮಾಡಲಾ ಅಂತ ಕೇಳುತ್ತೆ. ಅಲ್ಲಿ 'ಯೆಸ್' ಒತ್ತಿದವರೇ ಕೆಟ್ಟಿರೋದು. ಡೈನಾಮಿಕ್ ಆದಮೇಲೆ ಹಾಗೆ ಮಾಡಿದ ಜಾಗಕ್ಕೆ 10 ಇಳಿಯಲ್ಲ, ವಾಪಸ್ ಬೇಸಿಕ್ ಮಾಡಲು ವಿಂಡೋಸ್‌ನಲ್ಲಿರೋ ದಾರಿ ಎಲ್ಲ ವಾಲ್ಯೂಮ್ ಅಳಿಸೋದು. ಡಿ, ಇ ಸುತ್ತ ಹಸಿರು ಚೌಕಟ್ಟಿದ್ದರೆ ಅವು ಲಾಜಿಕಲ್, ಭಯವಿಲ್ಲ.

ಹೊಸ ತುಂಡು ಮಾಡದೇ ಮುಗಿಸೋ ದಾರಿ ಇದು: 'ಇ'ಯಲ್ಲಿರೋದನ್ನು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ, ಕಾಪಿಯಾದ ನಾಲ್ಕಾರು ಫೈಲ್ ತೆರೆದು ನೋಡಿ, ಆಮೇಲೆ 'ಇ'ಗೇ 10 ಹಾಕಿ. 'ಇ'ಗೆ ಮೊದಲೇ 'ಹತ್ತು' ಅಂತ ಹೆಸರಿಟ್ಟು, ಅದರ ಸೈಜು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಸೆಟಪ್ ಪರದೆಯಲ್ಲಿ ಸಿ, ಡಿ ಅಕ್ಷರಗಳು ಬರಲ್ಲ, 'ಡ್ರೈವ್ 0 ಪಾರ್ಟಿಷನ್ 4' ಅಂತ ಬರುತ್ತೆ.

ಚಿಂತಾಮಣಿಯಿಂದ:
ಪೆನ್‌ಡ್ರೈವ್ ಬಗ್ಗೆ. 8 ಜಿಬಿಯದು ಸಾಕು. ಬೂಟ್ ಆಗೋ ಪೆನ್‌ಡ್ರೈವ್ ಮಾಡೋ ರೂಫಸ್ ತಂತ್ರಾಂಶದ 4ನೇ ಆವೃತ್ತಿಯಿಂದ ಈಚಿನವು ವಿಂಡೋಸ್ 7ರಲ್ಲಿ ಓಡಲ್ಲ, 3.22 ಇಳಿಸಿಕೊಳ್ಳಿ. ಪಾರ್ಟಿಷನ್ ಸ್ಕೀಮ್ ಎಂಬಿಆರ್, ಟಾರ್ಗೆಟ್ ಬಯಾಸ್ (ಯಂತ್ರ ಏಳೋ ಹಳೇ ವಿಧಾನ) ಇರಲಿ.

ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಬಹುದು, ಒಂದರ ಮುಂದೆ 'ಯುಇಎಫ್‌ಐ' (ಏಳೋ ಹೊಸ ವಿಧಾನ) ಅಂತಿರುತ್ತೆ. ಅದಿಲ್ಲದ್ದನ್ನು ಆರಿಸಿ. ತಪ್ಪಿ ಇನ್ನೊಂದರಿಂದ ಹೋದರೆ, ಡಿಸ್ಕ್ ಎಂಬಿಆರ್ ಇದೆ, ಜಿಪಿಟಿಗೆ (ಹೊಸ ರೀತಿಯ ಪಾರ್ಟಿಷನ್ ಪಟ್ಟಿ) ಮಾತ್ರ ಹಾಕಬಹುದು ಅಂತ ಸೆಟಪ್ ಹಟ ಹಿಡಿಯುತ್ತೆ. ಅದನ್ನು ನೋಡಿ ಡಿಸ್ಕ್ 'ಕ್ಲೀನ್' ಮಾಡೋ ವಿಡಿಯೊ ಹುಡುಕಬೇಡಿ, 7 ಮತ್ತು ಫೈಲುಗಳು ಎಲ್ಲ ಹೋಗುತ್ತೆ. ಆಫ್ ಮಾಡಿ, ಸರಿಯಾದ ಸಾಲಿನಿಂದ ಮತ್ತೆ ಬೂಟ್ ಮಾಡಿ.

ಮುಂದೆ 'ಅಪ್‌ಗ್ರೇಡ್' ಬೇಡ, 'ಕಸ್ಟಮ್' ಒತ್ತಿ. ಹೊರಗಿನ ಡಿಸ್ಕ್ ಕಿತ್ತಿಟ್ಟಿರಿ. 'ಹತ್ತು' ತುಂಡನ್ನು ಮಾತ್ರ ಫಾರ್ಮ್ಯಾಟ್ ಮಾಡಿ 'ನೆಕ್ಸ್ಟ್' ಕೊಡಿ. 100 ಎಂಬಿಯದನ್ನು ಮುಟ್ಟಲೇಬೇಡಿ, ಎರಡರ ಬೂಟ್ ಫೈಲುಗಳೂ ಅಲ್ಲೇ ಕೂರೋದು. 7ರ ಕೀ 10ಕ್ಕೆ ನಡೆಯಲ್ಲ, ಲೈಸೆನ್ಸ್ ಬೇರೆ ಬೇಕು. ಯುಪಿಎಸ್ ಬ್ಯಾಟರಿ ಮೊದಲೇ ನೋಡಿಕೊಳ್ಳಿ, ನಮ್ಮ ಕಡೆ ಕರೆಂಟ್ ಯಾವಾಗ ಕೈ ಕೊಡುತ್ತೋ ಹೇಳೋಕಾಗಲ್ಲ.

ತಿಪಟೂರಿನಿಂದ:
ಹಾಕಿದಮೇಲೆ ಮರೆಯೋದು ಫಾಸ್ಟ್ ಸ್ಟಾರ್ಟಪ್. 10ನ್ನು ಶಟ್‌ಡೌನ್ ಮಾಡಿದರೂ ಅದು ಪೂರ್ತಿ ಮಲಗಿರಲ್ಲ, ಡಿಸ್ಕ್‌ಗಳ ಸ್ಥಿತಿಯನ್ನು ಒಂದು ಫೈಲಿನಲ್ಲಿ ಹಾಗೇ ಹಿಡಿದಿಟ್ಟಿರುತ್ತೆ. ನಡುವೆ 7ಕ್ಕೆ ಹೋಗಿ 'ಡಿ'ಯಲ್ಲಿ ಕಾರ್ಡಿನ ಫೈಲ್ ಉಳಿಸಿ ಬಂದರೆ, 10 ತನ್ನ ಹಳೇ ನೆನಪಿನಲ್ಲೇ ಕೆಲಸ ಮುಂದುವರಿಸುತ್ತೆ. ಫೈಲ್ ಮಾಯ, ಇಲ್ಲವೇ ಆನ್ ಮಾಡಿದಾಗೆಲ್ಲ ಡಿಸ್ಕ್ ಚೆಕ್. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಪವರ್ ಬಟನ್ ಏನು ಮಾಡಬೇಕು ಅನ್ನೋ ಪುಟ, ಅಲ್ಲಿ ಟಿಕ್ ತೆಗೆಯಿರಿ. ಬೂದು ಬಣ್ಣದಲ್ಲಿದ್ದರೆ ಮೇಲಿರೋ ನೀಲಿ ಸಾಲು ಒತ್ತಿ, ಆಗ ತೆರೆದುಕೊಳ್ಳುತ್ತೆ.

ಆನ್ ಮಾಡಿದಾಗ 7 ಬೇಕಾ 10 ಬೇಕಾ ಅಂತ ಕೇಳೋ ಮೆನು ಎರಡು ಥರ ಇವೆ. ನೀಲಿ ಮೆನು ಬಂದರೆ 10 ಅರ್ಧ ಎದ್ದಾಗಿರುತ್ತೆ, 7 ಆರಿಸಿದರೆ ಮತ್ತೆ ರೀಸ್ಟಾರ್ಟ್. 'ಎಂಎಸ್‌ಕಾನ್ಫಿಗ್'ನ ಬೂಟ್ ಪುಟದಲ್ಲಿ 7ನ್ನು ಡಿಫಾಲ್ಟ್ ಮಾಡಿ, ಸಮಯ 30ರಿಂದ 10 ಸೆಕೆಂಡಿಗೆ ಇಳಿಸಿ. ಹಳೇ ಕಪ್ಪು ಮೆನು ಬರುತ್ತೆ, ಸಮಯ ಉಳಿಯುತ್ತೆ.

ಮಾಲೂರಿನಿಂದ:
ಗುಬ್ಬಿಯವರು ಹೇಳಿದ್ದು ಸರಿ, ಆದರೆ 4 ಜಿಬಿ ರ‍್ಯಾಮ್, ಹಾರ್ಡ್‌ಡಿಸ್ಕ್ ಮೇಲೆ 10 ತೆವಳುತ್ತೆ. 240 ಜಿಬಿಯ ಸಾಟಾ ಎಸ್‌ಎಸ್‌ಡಿ ಒಂದು ತನ್ನಿ. ಹಾರ್ಡ್‌ಡಿಸ್ಕ್‌ನ ಡೇಟಾ ಕೇಬಲ್ ಕಿತ್ತು, ಎಸ್‌ಎಸ್‌ಡಿ ಒಂದನ್ನೇ ಸಿಕ್ಕಿಸಿ 10 ಹಾಕಿ, ಮುಗಿದಮೇಲೆ ಕೇಬಲ್ ವಾಪಸ್. ಎರಡರ ಬೂಟ್ ಫೈಲುಗಳೂ ಬೇರೆ ಬೇರೆ, ಒಂದು ಕೆಟ್ಟರೆ ಇನ್ನೊಂದಕ್ಕೆ ಏನೂ ಆಗಲ್ಲ. ಆನ್ ಮಾಡುವಾಗ ಬೋರ್ಡಿನ ಬೂಟ್ ಕೀ ಒತ್ತಿ ಯಾವುದು ಬೇಕೋ ಆರಿಸೋದು, ಅಷ್ಟೇ. ಕೇಬಲ್ ಕೀಳದೆ ಹಾಕಿದರೆ ಮಾತ್ರ 10 ತನ್ನ ಬೂಟ್ ಫೈಲುಗಳನ್ನು ಹಳೇ ಡಿಸ್ಕ್‌ನಲ್ಲೇ ಬರೆದುಬಿಡುತ್ತೆ. ಮುಂದೆ ಆ ಡಿಸ್ಕ್ ಸತ್ತ ದಿನ ಹೊಸದೂ ಏಳಲ್ಲ. ಫಾಸ್ಟ್ ಸ್ಟಾರ್ಟಪ್ ಇಲ್ಲೂ ತೆಗೆಯಬೇಕು.

ಗೌರಿಬಿದನೂರಿನಿಂದ:
ನುಡಿಯ ಹಳೇ ಫೈಲುಗಳು ಯೂನಿಕೋಡ್ ಅಲ್ಲ. 10ರಲ್ಲಿ ಆ ಫಾಂಟ್ ಇಲ್ಲದೆ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತೆ. ಫೈಲ್ ಕೆಟ್ಟಿಲ್ಲ, ಹೆದರಿ ಸೇವ್ ಒತ್ತಬೇಡಿ. 7ರ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನು ಕಾಪಿ ಮಾಡಿ 10ರಲ್ಲಿ ಇನ್‌ಸ್ಟಾಲ್ ಮಾಡಿದರೆ ಓದೋಕೆ ಸಾಕು. ತಿದ್ದೋದು 7ರಲ್ಲೇ ಇರಲಿ.

7ಕ್ಕೆ 2020ರ ಜನವರಿಯಲ್ಲೇ ಬೆಂಬಲ ಮುಗಿದಿರೋದರಿಂದ ಅದರಲ್ಲಿ ನೆಟ್‌ವರ್ಕ್ ಅಡಾಪ್ಟರ್ ಡಿಸೇಬಲ್ ಮಾಡಿಬಿಡಿ, 10ರ ಇಂಟರ್‌ನೆಟ್‌ಗೆ ಅದು ತಗಲಲ್ಲ. ಗಿರಾಕಿಗಳ ಪೆನ್‌ಡ್ರೈವ್ ಮೊದಲು 10ರಲ್ಲಿ ಸ್ಕ್ಯಾನ್ ಆಗಲಿ.

ಕೇಳಿದವರು:
ನೋಡಿದೆ, ನಾಲ್ಕೂ ಕಡುನೀಲಿ. ಮಾಲೂರಿನವರ ದಾರಿಯೇ ವಾಸಿ ಅನಿಸುತ್ತೆ. ಬೋರ್ಡಿನಲ್ಲಿ ಸಾಟಾ ಪೋರ್ಟ್ ಎರಡು ಖಾಲಿ ಇವೆ, ಎಸ್‌ಎಂಪಿಎಸ್‌ (ಪವರ್ ಸಪ್ಲೈ ಡಬ್ಬಿ) ನಿಂದ ಪವರ್ ಕನೆಕ್ಟರ್ ಮಾತ್ರ ಒಂದೂ ಉಳಿದಿಲ್ಲ.

ಮಾಲೂರಿನಿಂದ:
ನಾಲ್ಕು ಪಿನ್ನಿನ ಹಳೇ ಮೋಲೆಕ್ಸ್ ಕನೆಕ್ಟರ್ ಖಾಲಿ ನೇತಾಡ್ತಿದ್ರೆ ಮೋಲೆಕ್ಸ್-ಸಾಟಾ ಕೇಬಲ್ ಹಾಕಿ. ಅದೂ ಇಲ್ಲದಿದ್ದರೆ ಡಿವಿಡಿ ಡ್ರೈವಿನ ಪವರ್ ಕಿತ್ತು ಎಸ್‌ಎಸ್‌ಡಿಗೆ ಕೊಡಿ.