ಮೆದುಳಿನ 4ನೇ ಪದರದಿಂದ 2/3ಕ್ಕೆ (2 ಮತ್ತು 3ನೇ ಪದರ ಸೇರಿ): ಯಾವ ಸಂಖ್ಯೆ ಹಿಡಿಯಲಿ?

ಪ್ರಶ್ನೆ: ಇಲಿಯ ಕಾರ್ಟೆಕ್ಸ್ (ಮೆದುಳಿನ ಹೊರಭಾಗ) ಪದರಗಳ ನರಕೋಶ ಜಾಲವನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಿದ್ದೇನೆ. ಎರಡು ನರಕೋಶಗಳ ನಡುವೆ ಸಂಪರ್ಕವಿರುವ ಸಂಭವನೀಯತೆ ಒಂದೊಂದು ಪ್ರಬಂಧದಲ್ಲಿ ಒಂದೊಂದು. ಕೆಲವೆಡೆ ಸೊನ್ನೆ. ನೀವೆಲ್ಲ ಏನು ಮಾಡಿದಿರಿ?

— ಒಂದೊಂದು ನರಕೋಶದ ವಿದ್ಯುತ್ ಸಂಕೇತ ಅಳೆಯುವ ಪ್ಯಾಚ್ ಕ್ಲಾಂಪ್ ರಿಗ್ ಮುಂದೆ ಐದು ವರ್ಷ ಕೂತವನು ನಾನು. ಶೇಕಡಾವಾರು ಬಿಡಿ, ಎಷ್ಟು ಜೋಡಿ ಪರೀಕ್ಷಿಸಿದ್ದಾರೆ ಅಂತ ಮೊದಲು ನೋಡಿ. 40ರಲ್ಲಿ 4 ಸಿಕ್ಕರೆ ಶೇ. 10 ಅಂತ ಬರೀತೀವಿ. ಅನಿಶ್ಚಿತತೆಯ ವ್ಯಾಪ್ತಿ ಹೇಳುವ ವಿಲ್ಸನ್ ವಿಧಾನದಲ್ಲಿ (ಶೇ. 95 ವಿಶ್ವಾಸಕ್ಕೆ) ಲೆಕ್ಕ ಹಾಕಿದರೆ ಅದು ಶೇ. 4ರಿಂದ 23ರವರೆಗೆ ಎಲ್ಲಿ ಬೇಕಾದರೂ ಇರಬಹುದು! ಸೊನ್ನೆಗೂ ಇದೇ ಕಥೆ: 3ನ್ನು ಜೋಡಿಗಳ ಸಂಖ್ಯೆಯಿಂದ ಭಾಗಿಸಿ, ಹೆಚ್ಚುಕಡಿಮೆ ಅದೇ ಮೇಲಿನ ಮಿತಿ. ಇನ್ನೊಂದು, 300 ಮೈಕ್ರೊಮೀಟರ್ ದಪ್ಪದ ಮೆದುಳಿನ ಹೋಳಿನಲ್ಲಿ, ಕೋಶದ ಸಂಕೇತ ಹೊರಗೊಯ್ಯುವ ಎಳೆಗಳಾದ ಆಕ್ಸಾನ್‌ಗಳು ಕತ್ತರಿಸಿ ಹೋಗಿರುತ್ತವೆ. ಪದರ ದಾಟಿ ದೂರ ಹೋಗುವ ಎಳೆಗಳಿಗೇ ಪೆಟ್ಟು ಹೆಚ್ಚು. ಕೊಯ್ಯುವಾಗ ಕೋನ ಸ್ವಲ್ಪ ವಾಲಿತೋ, ಆ ದಿನದ ಡೇಟಾ ಹೋದಂತೆಯೇ.

— ನಾನು ಮಾಡೆಲ್ ಕಟ್ಟುವವಳು. ನನ್ನ ಮೊದಲ ಜಾಲ ಅಪಸ್ಮಾರ ಬಂದ ಹಾಗೆ ಉರಿಯಿತು. ತಪ್ಪು ದೂರದ್ದು. ಎರಡು ಕೋಶಗಳನ್ನು ಒಟ್ಟಿಗೆ ಅಳೆಯುವ ಜೋಡಿ ರೆಕಾರ್ಡಿಂಗ್ ಸಾಮಾನ್ಯವಾಗಿ ಪಕ್ಕಪಕ್ಕದ ಕೋಶಗಳಲ್ಲಿ ನಡೆಯುತ್ತದೆ. ಆ ಸಂಖ್ಯೆಯನ್ನು ನಾನು ಇಡೀ ಒಂದು ಚದರ ಮಿಲಿಮೀಟರಿಗೆ ಬಳಿದುಬಿಟ್ಟಿದ್ದೆ. ಪೊಟ್ಯಾನ್ಸ್ ಮತ್ತು ಡೀಸ್‌ಮನ್ 2014ರ ಮಾಡೆಲ್ ಓದಿ: 8 ಗುಂಪು, ಸುಮಾರು 77,000 ನರಕೋಶ. ಬೆಕ್ಕಿನ ದೃಷ್ಟಿ ಕಾರ್ಟೆಕ್ಸ್‌ನ ಅಂಗರಚನೆಯ ಲೆಕ್ಕವನ್ನೂ ರೆಕಾರ್ಡಿಂಗ್ ಲೆಕ್ಕವನ್ನೂ ಒಂದೇ ಅಳತೆಗೆ ತರಲು, ದೂರ ಹೋದಂತೆ ಸಂಪರ್ಕ ಇಳಿಯುವ ರೀತಿಯನ್ನು ಅವರು ಸೇರಿಸಿಕೊಂಡಿದ್ದಾರೆ. ಅಲ್ಲಿ 4ನೇ ಪದರದ ಉದ್ರೇಕಕ (ಮುಂದಿನ ಕೋಶವನ್ನು ಚುರುಕುಗೊಳಿಸುವ) ಕೋಶಗಳಿಂದ 2/3ರ ಉದ್ರೇಕಕ ಕೋಶಗಳಿಗೆ ಶೇ. 4.4ರಷ್ಟು. ಆದರೆ ನಿಮ್ಮದು ಇಲಿ, ಹಾಗೇ ಎತ್ತಿಕೊಳ್ಳಬೇಡಿ.

— ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕಡೆಯಿಂದ ಒಂದು ಮಾತು. ಅಲ್ಲಿ ಎಣಿಸುವುದು ಸಿನಾಪ್ಸ್ (ಒಂದು ಕೋಶ ಇನ್ನೊಂದಕ್ಕೆ ಸಂಕೇತ ದಾಟಿಸುವ ಬಿಂದು), ರೆಕಾರ್ಡಿಂಗ್‌ನಲ್ಲಿ ಎಣಿಸುವುದು ಜೋಡಿ. ಒಂದೇ ಜೋಡಿಯ ನಡುವೆ ಹಲವು ಸಿನಾಪ್ಸ್ ಇರಬಹುದು. ಸಿನಾಪ್ಸ್ ಮೊತ್ತವನ್ನು ಜೋಡಿಗಳ ಮೊತ್ತದಿಂದ ಭಾಗಿಸಿ ಅದನ್ನೇ ಸಂಭವನೀಯತೆ ಅಂದರೆ ಸಂಖ್ಯೆ ಉಬ್ಬುತ್ತದೆ. ಆಕ್ಸಾನೂ ಸಂಕೇತ ಪಡೆಯುವ ಎಳೆಯಾದ ಡೆಂಡ್ರೈಟೂ ಹತ್ತಿರ ಹಾದವು ಅಂದಮಾತ್ರಕ್ಕೆ ಸಿನಾಪ್ಸ್ ಇದೆ ಅಂತಲೂ ಅಲ್ಲ. ನೆರೆಮನೆಯವರೆಲ್ಲ ನೆಂಟರೇ?

— ಅದರ ಜೊತೆ, ಎಲ್ಲ ಜೋಡಿಯನ್ನೂ ಸ್ವತಂತ್ರ ನಾಣ್ಯ ಚಿಮ್ಮಿದಂತೆ ನೋಡಬೇಡಿ. 2005ರಲ್ಲಿ ಸಾಂಗ್ ಮತ್ತು ಸಂಗಡಿಗರು ಇಲಿಯ 5ನೇ ಪದರದಲ್ಲಿ ಶೇ. 11.6 ಸಂಪರ್ಕ ಕಂಡರು. ಎರಡೂ ಕಡೆಯಿಂದ ಬೆಸೆದ ಜೋಡಿಗಳು ಮಾತ್ರ ಯಾದೃಚ್ಛಿಕ ನಿರೀಕ್ಷೆಗಿಂತ ಸುಮಾರು ನಾಲ್ಕು ಪಟ್ಟು.

ಪ್ರಶ್ನೆ ಕೇಳಿದವನು: ಎಲ್ಲರಿಗೂ ಧನ್ಯವಾದ. ಕೋಷ್ಟಕದ ಸೊನ್ನೆಯ ಮೂಲ ಹುಡುಕಿದೆ. ಪರೀಕ್ಷಿಸಿದ್ದು ಬರೀ 18 ಜೋಡಿ. ಆ ಮನೆಯಲ್ಲಿ ಈಗ 0 ಇಲ್ಲ, ಶೇ. 0ರಿಂದ 15ರವರೆಗಿನ ವ್ಯಾಪ್ತಿ ಇಟ್ಟು ಮಾಡೆಲ್ ಮತ್ತೆ ಓಡಿಸುತ್ತಿದ್ದೇನೆ.