ಹಳೇ ಪ್ರಿನ್ಸ್ ಆಫ್ ಪರ್ಶಿಯಾ ಈಗಿನ ಮಕ್ಕಳಿಗೆ ಯಾಕೆ ಹಿಡಿಸಲ್ಲ?

ಹಾಸನದ ಆಟಗಾರ:
ಮಗಳಿಗೆ ಹದಿನಾಲ್ಕು ವರ್ಷ. ಹಳೇ ಡಾಸ್ ಆಟಗಳನ್ನು ಈಗಿನ ಕಂಪ್ಯೂಟರ್‌ನಲ್ಲಿ ಓಡಿಸುವ ಡಾಸ್‌ಬಾಕ್ಸ್‌ನಲ್ಲಿ ಹಳೇ ಪ್ರಿನ್ಸ್ ಆಫ್ ಪರ್ಶಿಯಾ ಹಾಕಿಕೊಟ್ಟೆ. ನಾನು ಕಂಪ್ಯೂಟರ್ ಕ್ಲಾಸಿಗೆ ತಪ್ಪದೆ ಹೋಗುತ್ತಿದ್ದುದೇ ಈ ಆಟಕ್ಕೋಸ್ಕರ. ಅವಳು ಕತ್ತಿ ಹುಡುಕದೆ ನೇರ ಕಾವಲುಗಾರನ ಮುಂದೆ ಹೋದಳು, ಒಂದೇ ಏಟಿಗೆ ಸತ್ತಳು. ಹಂತ ಮೊದಲಿಂದ ಶುರುವಾಯಿತು. ಆಮೇಲೆ ಎತ್ತರದಿಂದ ಬಿದ್ದಳು, ಮತ್ತೆ ಮೊದಲಿಂದ. "ಅಪ್ಪಾ, ಇದ್ರಲ್ಲಿ ಸತ್ತ ಮೇಲೆ ಮಧ್ಯದಿಂದ ಶುರು ಮಾಡೋ ಚೆಕ್‌ಪಾಯಿಂಟೇ ಇಲ್ವಾ?" ಅಂತ ಕೇಳಿ ಎದ್ದು ಹೋದಳು.

ತಾಳ್ಮೆ ಇಲ್ಲ ಅನ್ನೋಣ ಅಂದ್ರೆ, ಇದೇ ಹುಡುಗಿ ಸೆಲೆಸ್ಟ್ ಅನ್ನೋ ಹೊಸ ಜಿಗಿತದ ಆಟ ಆಡುವಾಗ ಒಂದೇ ಜಾಗದಲ್ಲಿ ಎಷ್ಟು ಸಲ ಸತ್ತರೂ ಬಿಡುವುದಿಲ್ಲ. ಊಟಕ್ಕೆ ಕರೆದರೂ ಏಳುವುದಿಲ್ಲ. ಹಾಗಾದ್ರೆ ಬದಲಾಗಿದ್ದು ಏನು? ಈ ಸರಣಿ ಚೆನ್ನಾಗಿ ಆಡಿದವರು ಯಾರಾದರೂ ಹೇಳಿ.

ಸ್ಪೇಸ್‌ಬಾರ್:
ಸರ್, ನಾನು 1989ರದ್ದರಿಂದ ಹಿಡಿದು 2024ರ ದಿ ಲಾಸ್ಟ್ ಕ್ರೌನ್ ತನಕ ಈ ಸರಣಿಯ ಮುಖ್ಯ ಆಟಗಳನ್ನು ಆಡಿದ್ದೇನೆ. ಈಗಿನ ಮಕ್ಕಳು ಸೋಲಿಗೆ ಹೆದರುವುದಿಲ್ಲ. ಸೋತ ಮೇಲೆ ಗೊತ್ತಿರುವ ದಾರಿಯನ್ನೇ ಮತ್ತೆ ನಡೆಯಬೇಕಲ್ಲ, ಅದು ಅವರಿಗೆ ಆಗಿ ಬರಲ್ಲ.

ಮೊದಲ ಆಟದಲ್ಲಿ ಒಟ್ಟು ಸಿಗುತ್ತಿದ್ದುದು 60 ನಿಮಿಷ. ಸತ್ತರೆ ಹಂತ ಮೊದಲಿಂದ, ಕಳೆದ ನಿಮಿಷ ಮಾತ್ರ ವಾಪಸ್ ಬರುವುದಿಲ್ಲ. ಡಾಸ್‌ನಲ್ಲಿ ಮೂರನೇ ಹಂತ ಮುಟ್ಟುವ ತನಕ ಸೇವ್ ಕೂಡ ಮಾಡಲು ಆಗುತ್ತಿರಲಿಲ್ಲ. ಎಷ್ಟು ಹೊತ್ತು ಉಳಿದಿದೆ ಅಂತ ಸ್ಪೇಸ್‌ಬಾರ್ ಒತ್ತಿ ನೋಡುವಾಗ ಎದೆ ಡವಡವ ಅನ್ನುತ್ತಿತ್ತು! ದಾರಿ ಬಾಯಿಪಾಠ ಮಾಡುವುದೇ ಅರ್ಧ ಆಟ. ನಮ್ಮ ಹತ್ತಿರ ಇದ್ದದ್ದು ನಾಲ್ಕಾರು ಫ್ಲಾಪಿ. ಆಡಿದ್ದನ್ನೇ ಆಡಲು ಬೇಜಾರಿರಲಿಲ್ಲ.

2003ರಲ್ಲಿ ಇದೇ ಸರಣಿಯಲ್ಲಿ ಯೂಬಿಸಾಫ್ಟ್ ಕಂಪನಿಯ ದಿ ಸ್ಯಾಂಡ್ಸ್ ಆಫ್ ಟೈಮ್ ಬಂತು. ಮುಳ್ಳು, ಗುಂಡಿ, ಜಿಗಿತ ಎಲ್ಲ ಇತ್ತು. ಆದರೆ ಕೈಯಲ್ಲೊಂದು ಕಠಾರಿ. ತಪ್ಪಿ ಬಿದ್ದರೆ ಬಟನ್ ಹಿಡಿದು ಕಾಲವನ್ನೇ ಹಿಂದಕ್ಕೆ ತಿರುಗಿಸಬಹುದು. ಕಠಾರಿಯೊಳಗಿನ ಮರಳು ಖಾಲಿಯಾದರೆ ಅದೂ ಇಲ್ಲ, ಹಾಗಾಗಿ ಭಯ ಪೂರ್ತಿ ಹೋಗಲಿಲ್ಲ. ನನಗೆ ಈಗಲೂ ಎಲ್ಲಕ್ಕಿಂತ ಇಷ್ಟ ಇದೇ.

2008ರ ಆಟದಲ್ಲಿ ಸಾವೇ ಇಲ್ಲ. ಬೀಳುವಷ್ಟರಲ್ಲಿ ಜೊತೆಗಾತಿ ಎಲಿಕಾ ಕೈ ಹಿಡಿದು, ಕೊನೆಯದಾಗಿ ನಿಂತಿದ್ದ ಗಟ್ಟಿ ನೆಲಕ್ಕೆ ತಂದು ಬಿಡುತ್ತಾಳೆ. ತೀರಾ ಸುಲಭ ಅಂತ ಆಗ ಬಹಳ ಜನ ಗೊಣಗಿದರು. 2018ರ ಸೆಲೆಸ್ಟ್ ಕೂಡ ಮಾಡುವುದು ಅದನ್ನೇ ಅಲ್ವಾ? ಸತ್ತ ಕ್ಷಣದಲ್ಲೇ ಅದೇ ಪರದೆಯಲ್ಲಿ ಮತ್ತೆ ನಿಲ್ಲಿಸುತ್ತದೆ. ಆದರೆ ಜಿಗಿತಗಳನ್ನು ಬಲು ಕಷ್ಟ ಮಾಡಿಟ್ಟರು, ಅದಕ್ಕೇ ಯಾರೂ ಗೊಣಗಲಿಲ್ಲ. ನಿಮ್ಮ ಮಗಳು ಏಳದೆ ಕೂರುವುದೂ ಅದಕ್ಕೇ.

ಲಾಸ್ಟ್ ಕ್ರೌನ್‌ನಲ್ಲಿ ಇನ್ನೊಂದಿದೆ. ಈಗ ದಾಟಲಾಗದ ಜಾಗ ಕಂಡರೆ ಅದರ ಚಿತ್ರ ತೆಗೆದು ನಕ್ಷೆಗೆ ಅಂಟಿಸಿಡಬಹುದು. ನಾವು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಗೀಚಿಕೊಳ್ಳುತ್ತಿದ್ದುದನ್ನು ಈಗ ಆಟವೇ ಮಾಡಿಕೊಡುತ್ತೆ. ಒಳ್ಳೆಯದೇ ಆಯಿತು ಅಂತೀನಿ ನಾನು.

ಉಡುಪಿ ಗೇಮರ್:
ಸ್ಪೇಸ್‌ಬಾರ್ ಹೇಳಿದ್ದು ಸರಿ. ಆದ್ರೆ ರಾಜಕುಮಾರನ ಮೇಲೆ ನಮಗಿರುವ ಹಿಡಿತದ ವಿಷಯ ಬಿಟ್ಟರು. ಮೊದಲ ಆಟ ಮಾಡಿದ ಜೋರ್ಡನ್ ಮೆಕ್ನರ್ ತನ್ನ ತಮ್ಮ ಓಡುವುದನ್ನು, ಜಿಗಿಯುವುದನ್ನು ವಿಡಿಯೋ ಮಾಡಿ, ಅದನ್ನು ನೋಡಿಕೊಂಡು ಒಂದೊಂದೇ ಚಿತ್ರ ಬರೆದರು. ಅದಕ್ಕೇ ರಾಜಕುಮಾರ ಥೇಟ್ ಮನುಷ್ಯನ ಹಾಗೇ ಓಡುತ್ತಾನೆ. ಕೀ ಬಿಟ್ಟ ಕೂಡಲೇ ನಿಲ್ಲುವುದಿಲ್ಲ, ಜಾರಿ ನಿಲ್ಲುತ್ತಾನೆ. ಶಿಫ್ಟ್ ಒತ್ತಿಕೊಂಡು ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಅಂಚಿಗೆ ಹೋಗಬೇಕು. ಓಡುತ್ತಾ ಜಿಗಿಯುವಾಗ ಚೂರು ತಡವಾದರೂ ಗುಂಡಿಗೇ.

ಸೆಲೆಸ್ಟ್‌ನಲ್ಲಿ ಅಂಚು ದಾಟಿದ ಮೇಲೂ ಕಣ್ಣಿಗೆ ತಿಳಿಯದಷ್ಟು ಹೊತ್ತು ಜಿಗಿಯಲು ಬಿಡುತ್ತಾರೆ. ಅದು ರೂಢಿಯಾದ ಬೆರಳಿಗೆ ಪ್ರಿನ್ಸ್ ಹೇಳಿದ ಮಾತು ಕೇಳದವನ ಹಾಗೆ ಅನಿಸುತ್ತಾನೆ. ಹಳೇದು ಅನ್ನೋದೇ ಕಾರಣ ಅಲ್ಲ. 1985ರ ಮಾರಿಯೋದಲ್ಲೇ ಗಾಳಿಯಲ್ಲಿರುವಾಗ ಹಿಂದೆ ಮುಂದೆ ಸರಿಯಬಹುದಿತ್ತು. ಮಗಳಿಗೆ ಅದು ಕೊಟ್ಟು ನೋಡಿ, ಆಡ್ತಾಳೆ.

ಕಂಟ್ರೋಲ್ ಜಿ:
ಸುಲಭ ದಾರಿ ನಮಗೂ ಬೇಕಿತ್ತು ಕಣ್ರೀ. ಡಾಸ್‌ನಲ್ಲಿ ಪ್ರಿನ್ಸ್ ಮೆಗಾಹಿಟ್ ಅಂತ ಟೈಪ್ ಮಾಡಿ ಶುರು ಮಾಡುತ್ತಿದ್ದುದು ನೆನಪಿದೆಯಾ? ಪ್ಲಸ್ ಒತ್ತಿದರೆ ನಿಮಿಷ ಜಾಸ್ತಿ, ಶಿಫ್ಟ್ ಎಲ್ ಒತ್ತಿದರೆ ಮುಂದಿನ ಹಂತ. ಆ ಗುಟ್ಟು ಗೊತ್ತಿದ್ದವನ ಕಂಪ್ಯೂಟರ್ ಸುತ್ತ ಎಲ್ಲರೂ ನಿಲ್ಲುತ್ತಿದ್ದೆವು. ಈಗಿನ ಎಷ್ಟೋ ಆಟಗಳಲ್ಲಿ ಅಂಥ ಸುಲಭ ದಾರಿಯನ್ನು ಸೆಟ್ಟಿಂಗ್ಸ್‌ನಲ್ಲೇ ಎಲ್ಲರ ಕೈಗೂ ಕೊಟ್ಟಿದ್ದಾರೆ, ಕದ್ದು ಕೇಳಬೇಕಿಲ್ಲ.

ಹಾಸನದ ಆಟಗಾರ:
ಎಲ್ಲರಿಗೂ ಧನ್ಯವಾದ. ಮೆಗಾಹಿಟ್ ಮರೆತೇ ಹೋಗಿತ್ತು. ಭಾನುವಾರ ಅದನ್ನು ಹಾಕಿ ನೇರ ನಾಲ್ಕನೇ ಹಂತಕ್ಕೆ ಕರೆದುಕೊಂಡು ಹೋಗ್ತೀನಿ. ಅಲ್ಲಿ ಕನ್ನಡಿಗೆ ಓಡಿ ಜಿಗಿದಾಗ ಇನ್ನೊಬ್ಬ ರಾಜಕುಮಾರ ಹೊರಗೆ ಬರುತ್ತಾನಲ್ಲ, ಅದನ್ನು ಅವಳು ನೋಡಲೇಬೇಕು. ಆಮೇಲೂ ಬೇಡ ಅಂದ್ರೆ ಸ್ಯಾಂಡ್ಸ್ ಆಫ್ ಟೈಮ್. ಅದು ಈಗಿನ ವಿಂಡೋಸ್‌ನಲ್ಲಿ ಕಂಟ್ರೋಲರ್ ಹಿಡಿದು ಆಡಿದವರು ಯಾರಾದರೂ ಇದ್ದೀರಾ?